‘ಬೂರಿಶ್’: ನಾನು ತಪ್ಪಾಗಿ ಕಲಿಸಿದ ಒಂದು ಪದ



ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಇಂಗ್ಲಿಷ್ ಪದಸಂಪತ್ತಿನ ಪಾಠ ನಡೆದಿತ್ತು. ಅಂದಿನ ವಿಷಯ ಕೆಟ್ಟ ನಡವಳಿಕೆಯನ್ನು ಹೇಳುವ ಪದಗಳು. ‘ರೂಡ್’ ಆಯಿತು, ‘ಇನ್‌ಸೊಲೆಂಟ್’ ಆಯಿತು, ಕೊನೆಗೆ ‘ಬೂರಿಶ್’ ಬಂತು. ಗಂಟೆ ಬಾರಿಸಲು ಎರಡೇ ನಿಮಿಷ ಉಳಿದಿತ್ತು. ನಾನು ಬೋರ್ಡಿನ ಮೇಲೆ ‘ಬೂರ್’ ಎಂದು ಬರೆದು ಅದರ ಮುಂದೆ ‘ಹಳ್ಳಿಗಮಾರ’ ಎಂದೂ, ‘ಬೂರಿಶ್’ ಎಂದು ಬರೆದು ಅದರ ಮುಂದೆ ‘ಹಳ್ಳಿಗಮಾರನಂಥ’ ಎಂದೂ ಬರೆದೆ. ನೀವೆಲ್ಲ ತಲೆ ತಗ್ಗಿಸಿ ಬರೆದುಕೊಂಡಿರಿ. ನಾನು ಪಿಯುಸಿ ಓದುವಾಗ ನಮ್ಮ ಗುರುಗಳೂ ಹಾಗೆಯೇ ಬರೆಸಿದ್ದರು, ನಾವೂ ಹಾಗೆಯೇ ತಲೆ ತಗ್ಗಿಸಿ ಬರೆದುಕೊಂಡಿದ್ದೆವು.

ಮರುದಿನ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನೋಟ್‌ಬುಕ್ಕು.

“ಸರ್, ಬೂರ್ ಅಂದ್ರ ಒಕ್ಕಲುತನಾ ಮಾಡಾಂವ ಅಂತ ನಮ್ಮಣ್ಣನ ಡಿಕ್ಷನರಿಯೊಳಗ ಐತ್ರಿ. ನಮ್ಮಪ್ಪನೂ ಒಕ್ಕಲುತನಾನ ಮಾಡ್ತಾನ್ರಿ. ಹಂಗಾರ ನಮ್ಮಪ್ಪ ಬೂರಿಶ್ ಏನ್ರಿ?”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಸರಿಯಾದ ಉತ್ತರ ಯಾವುದೆಂದು ಕೇಳುವವರ ದನಿ ಅದು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. “ಸೋಮವಾರ ಹೇಳ್ತೀನವ್ವ” ಎಂದು ಕಳಿಸಿದೆ. ಸೋಮವಾರ ಹೇಳಿದೆನಾದರೂ ಪೂರ್ತಿ ಹೇಳಲು ಸಮಯ ಸಾಲಲಿಲ್ಲ. ಅಂದು ಹೇಳಿದ್ದು, ಹೇಳದೆ ಉಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಅಣ್ಣನ ಡಿಕ್ಷನರಿ ಸುಳ್ಳು ಹೇಳಿಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಇಂಗ್ಲಿಷಿನ ‘ಬೂರ್’ ಪದಕ್ಕೂ ಡಚ್ ಭಾಷೆಯ ‘ಬೂರ್’ ಪದಕ್ಕೂ ಒಂದೇ ಬೇರು. ಡಚ್ಚಿನಲ್ಲಿ ಇಂದಿಗೂ ಅದರ ಅರ್ಥ ರೈತ. ಅಲ್ಲಿ ಅದು ಮುಖ್ಯವಾಗಿ ಕಸುಬಿನ ಹೆಸರು. ಇತಿಹಾಸ ಓದುವವರಿಗೆ ಇದೇ ಪದ ಇನ್ನೊಂದು ವೇಷದಲ್ಲಿ ಗೊತ್ತಿದೆ. ಹಾಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ನೆಲೆಸಿದವರ ಸಂತತಿಯ ರೈತರನ್ನು ‘ಬೋಯರ್’ ಎನ್ನುತ್ತಿದ್ದರು. 1899ರಿಂದ 1902ರವರೆಗೆ ಅವರಿಗೂ ಬ್ರಿಟಿಷರಿಗೂ ನಡೆದದ್ದೇ ಬೋಯರ್ ಯುದ್ಧ. ಗಾಂಧೀಜಿ ಗಾಯಾಳುಗಳನ್ನು ಹೊರುವ ಭಾರತೀಯರ ದಳ ಕಟ್ಟಿದ್ದು ಆ ಯುದ್ಧದಲ್ಲೇ. ಸೆರೆಸಿಕ್ಕ ಬೋಯರರನ್ನು ಬ್ರಿಟಿಷರು ಸಮುದ್ರ ದಾಟಿಸಿ ಭಾರತದ ಹಲವು ಶಿಬಿರಗಳಲ್ಲಿ ಇಟ್ಟರು. ಅವುಗಳಲ್ಲಿ ಒಂದು ನಮ್ಮ ಬಳ್ಳಾರಿಯಲ್ಲಿತ್ತು. ‘ರೈತ’ ಎಂಬ ಹೆಸರು ಹೊತ್ತ ಆ ಜನ ನಮ್ಮ ರಾಯಚೂರು, ಕೊಪ್ಪಳಗಳ ನೆರೆಯ ಊರಿನಲ್ಲಿ ಬೇಸಿಗೆ ಕಳೆದು ಹೋಗಿದ್ದಾರೆ.

ಇನ್ನೂ ಒಂದು ಗುಟ್ಟು ಇದೆ. ಒಂದನೇ ತರಗತಿಯಿಂದ ನಿಮಗೆ ಗೊತ್ತಿರುವ ‘ನೇಬರ್’ ಪದದೊಳಗೆ ಬೂರ್‌ನ ಒಬ್ಬ ಬಂಧು ಅಡಗಿ ಕುಳಿತಿದ್ದಾನೆ. ಹಳೆಯ ಇಂಗ್ಲಿಷಿನಲ್ಲಿ ‘ನೇಆ’ ಎಂದರೆ ಹತ್ತಿರ, ‘ಗೆಬೂರ್’ ಎಂದರೆ ನೆಲೆಸಿದವ, ಒಕ್ಕಲು. ಎರಡೂ ಸೇರಿ ಹತ್ತಿರದ ಒಕ್ಕಲು, ಅಂದರೆ ನೆರೆಯವ. ಒಂದೇ ಬೇರಿನಿಂದ ಹುಟ್ಟಿದ ಎರಡು ಪದಗಳಲ್ಲಿ ಒಂದು ಪ್ರೀತಿಯ ಮಾತಾಯಿತು, ಇನ್ನೊಂದು ಬೈಗುಳವಾಯಿತು.

ಹೀಗೇಕಾಯಿತು? ಬೂರ್ ಒಬ್ಬನಿಗೇ ಈ ಗತಿ ಬಂದಿದ್ದರೆ ಯಾವುದೋ ಆಕಸ್ಮಿಕ ಎನ್ನಬಹುದಿತ್ತು. ಆದರೆ ಸಾಲು ದೊಡ್ಡದಿದೆ. ‘ವಿಲನ್’ ಪದ ನಿಮಗೆ ಹೇಳಿಕೊಡಬೇಕಾಗಿಲ್ಲ. ವಜ್ರಮುನಿಯವರನ್ನು ಪರದೆಯ ಮೇಲೆ ಕಂಡು ನಮ್ಮ ಹಿರಿಯರು ಹಲ್ಲು ಕಡಿದಿದ್ದಾರೆ. ಆದರೆ ಆ ಪದ ಹುಟ್ಟಿದ್ದು ಲ್ಯಾಟಿನ್ನಿನ ‘ವಿಲ್ಲಾ’ದಿಂದ. ವಿಲ್ಲಾ ಎಂದರೆ ಹೊಲಮನೆ, ಜಹಗೀರು. ಅಲ್ಲಿ ದುಡಿಯುವ ಆಳು, ಜೀತದ ಒಕ್ಕಲಿಗ, ಅವನೇ ವಿಲನ್. ಜಮೀನ್ದಾರನ ಹೊಲದಲ್ಲಿ ಬೆವರು ಸುರಿಸಿದವನೇ ಶತಮಾನಗಳು ಕಳೆದ ಮೇಲೆ ಕಥೆಯ ಖಳನಾಯಕನಾದ. ನಮ್ಮ ಸಿನಿಮಾಗಳಲ್ಲಿ ಸಾಮಾನ್ಯವಾಗಿ ವಿಲನ್ ಆಗಿರುವವನು ಜಮೀನ್ದಾರ ಎಂಬುದನ್ನು ನೆನೆದರೆ ಕನ್ನಡದವರು ತಮಗೆ ತಿಳಿಯದೆಯೇ ಒಂದು ಹಳೆಯ ಲೆಕ್ಕ ತೀರಿಸಿದ್ದಾರೆ ಎನಿಸುತ್ತದೆ.

‘ಚರ್ಲ್’ ಎಂಬ ಪದವೂ ಹಾಗೆಯೇ. ಹಳೆಯ ಇಂಗ್ಲೆಂಡಿನಲ್ಲಿ ಅದು ಗುಲಾಮನಲ್ಲದ, ಆದರೆ ಸಿರಿವಂತನೂ ಅಲ್ಲದ ಸಾಮಾನ್ಯ ಮನುಷ್ಯನ ಹೆಸರು. ಇಂದು ‘ಚರ್ಲಿಶ್’ ಎಂದರೆ ಮುಖ ಗಂಟಿಕ್ಕಿ ಸಿಡುಕಿನಿಂದ ಮಾತಾಡುವ ಸ್ವಭಾವ. ಇದೇ ಬೇರಿನ ಇನ್ನೊಂದು ಕೊಂಬೆಯಿಂದ ಬಂದದ್ದು ‘ಚಾರ್ಲ್ಸ್’ ಎಂಬ ಹೆಸರು. ಇಂಗ್ಲೆಂಡಿನ ಈಗಿನ ದೊರೆಯ ಹೆಸರೂ ಅದೇ. ಅರಮನೆಗೆ ಹೋದ ಕೊಂಬೆ ದೊರೆಯಾಯಿತು, ಹೊಲದಲ್ಲಿ ಉಳಿದದ್ದು ಬೈಗುಳವಾಯಿತು. ಸರ್ಕಸ್ಸಿನ ‘ಕ್ಲೌನ್’ ಕೂಡ ಇಂಗ್ಲಿಷಿಗೆ ಬಂದಾಗ ಹಳ್ಳಿಗನೇ ಆಗಿದ್ದ.

ಈಗ ಒಳ್ಳೆಯ ನಡವಳಿಕೆಯ ಪದಗಳ ಕಡೆ ತಿರುಗಿ ನೋಡಿ. ‘ಕರ್ಟಿಯಸ್’ ಬಂದದ್ದು ‘ಕೋರ್ಟ್’ನಿಂದ. ಇದು ಸಿಂದಗಿಯ ನ್ಯಾಯಾಲಯವಲ್ಲ, ರಾಜನ ಆಸ್ಥಾನ. ‘ಸಿವಿಲ್’ ಬಂದದ್ದು ಲ್ಯಾಟಿನ್ನಿನಲ್ಲಿ ನಗರದ ಪ್ರಜೆ ಎಂಬ ಪದದಿಂದ. ‘ಅರ್ಬೇನ್’ ಎಂದರೆ ನಯನಾಜೂಕಿನವ, ಅದರೊಳಗೆ ‘ಅರ್ಬನ್’ ನೇರವಾಗಿಯೇ ಕಾಣುತ್ತದೆ. ‘ಪೊಲೈಟ್’ ಒಂದಕ್ಕೆ ಊರಿನ ಹಂಗಿಲ್ಲ. ಅದು ಉಜ್ಜಿ ಹೊಳಪು ಕೊಟ್ಟದ್ದು ಎಂಬ ಅರ್ಥದಿಂದ ಬಂದಿದೆ. ಬರೆಯಲು ಬರುತ್ತಿದ್ದವರು ಆಸ್ಥಾನದಲ್ಲೂ ಪಟ್ಟಣದಲ್ಲೂ ಇದ್ದರು. ಲೇಖನಿ ಯಾರ ಕೈಯಲ್ಲಿತ್ತೋ ಅವರು ತಮ್ಮ ಓಣಿಯ ಹೆಸರನ್ನು ಒಳ್ಳೆಯ ಗುಣಕ್ಕೂ, ದೂರದ ಓಣಿಯ ಹೆಸರನ್ನು ಕೆಟ್ಟ ಗುಣಕ್ಕೂ ಇಟ್ಟರು.

ಇಂಗ್ಲಿಷರನ್ನು ಬೈದು ಸುಮ್ಮನಾಗುವಂತಿಲ್ಲ. ನಮ್ಮಲ್ಲೂ ‘ನಾಗರಿಕ’ ಹುಟ್ಟಿದ್ದು ನಗರದಿಂದ, ‘ಸಭ್ಯ’ ಹುಟ್ಟಿದ್ದು ಸಭೆಯಿಂದ. ಸಂಸ್ಕೃತದ ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಎಂಬುದು ಒಂದು ಕಾವ್ಯದೋಷ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಗ್ರಾಮ್ಯ ಪದಗಳನ್ನು ಗ್ರಾಂಥಿಕ ರೂಪಕ್ಕೆ ತಿದ್ದುವ ಅಭ್ಯಾಸ ನೀವೆಲ್ಲ ಮಾಡಿದವರೇ. ಮನೆಯಲ್ಲಿ ಅವ್ವ ಆಡುವ ಮಾತನ್ನೇ ಕೆಂಪು ಮಸಿಯಲ್ಲಿ ತಿದ್ದಿದ್ದೇವೆ. ಇನ್ನು ‘ಗಮಾರ’. ಅದು ಹಿಂದಿ, ಮರಾಠಿಗಳ ‘ಗಂವಾರ್’. ‘ಗಾಂವ್’ನಲ್ಲಿ ಇರುವವ ಎಂದಷ್ಟೇ ಅದರ ಮೂಲ. ನಮ್ಮ ಕಾಲೇಜಿನ ಫಲಕವನ್ನು ಒಮ್ಮೆ ಓದಿ ನೋಡಿ: ದೇವಣಗಾಂವ. ಫಲಕದ ಮೇಲೆ ಬಣ್ಣದಲ್ಲಿ ಬರೆಸಿದ ಕೊನೆಯ ಎರಡು ಅಕ್ಷರವನ್ನೇ ನಾನು ಬೋರ್ಡಿನ ಮೇಲೆ ಬೈಗುಳವಾಗಿ ಬರೆದಿದ್ದೆ. ಇದಕ್ಕಿಂತ ಹೀನವಾದ ರೂಢಿಯೂ ನಮ್ಮಲ್ಲಿದೆ: ಕೆಲವು ಸಮುದಾಯಗಳ ಹೆಸರನ್ನೇ ‘ಒರಟ’ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿವೆ.

ನಮ್ಮ ಜಿಲ್ಲೆಯ ಕನ್ನಡಕ್ಕೂ ಇದೇ ಹಣೆಪಟ್ಟಿ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಬಾಯಿ ಬಿಟ್ಟರೆ “ಏನು ಜಗಳ ಮಾಡ್ತಿದೀರಾ?” ಎಂದು ಕೇಳುವವರಿದ್ದಾರೆ. ಮನೆಯಲ್ಲಿ ದಖ್ಖನಿ ಆಡುವವರದೂ ಅದೇ ಪಾಡು. ಲಖನೌ ಕಡೆಯ ಉರ್ದು ಬಲ್ಲವರು ಅದನ್ನು ಕೇಳಿ ನಗುತ್ತಾರೆ. ನಗುವವರು ಒಂದನ್ನು ಮರೆತಿರುತ್ತಾರೆ. ಹದಿನೇಳನೆಯ ಶತಮಾನದಲ್ಲಿ ವಿಜಯಪುರದ ಆಸ್ಥಾನಕವಿ ನುಸ್ರತಿ ದೊಡ್ಡ ಕಾವ್ಯಗಳನ್ನು ಬರೆದದ್ದು ದಖ್ಖನಿಯಲ್ಲೇ. ಅದಕ್ಕೂ ಮೊದಲು ಎರಡನೆಯ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಬರೆದದ್ದೂ ಅದರಲ್ಲೇ. ಆಸ್ಥಾನ ಇದ್ದಾಗ ಅದು ಆಸ್ಥಾನದ ಭಾಷೆ. ಆಸ್ಥಾನ ಹೋಯಿತು, ಭಾಷೆ ‘ಒರಟು’ ಆಯಿತು. ಭಾಷೆಯಲ್ಲಿ ಏನೂ ಬದಲಾಗಿರಲಿಲ್ಲ.

ಇಂಡಿ ಕಡೆಯ ಹಲಸಂಗಿಯ ಮಾತನ್ನೂ ಇಲ್ಲೇ ಹೇಳಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ‘ಹಲಸಂಗಿ ಗೆಳೆಯರು’ ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ ಎಂಬ ಸಂಗ್ರಹ 1931ರಲ್ಲಿ ಪ್ರಕಟವಾಯಿತು. ವ್ಯಾಕರಣದ ಪುಸ್ತಕ ‘ಗ್ರಾಮ್ಯ’ ಎಂದು ತಿದ್ದಿಸುತ್ತಿದ್ದ ಅದೇ ಮಾತು, ಶಾಲೆಯ ಮೆಟ್ಟಿಲು ಹತ್ತದ ಅದೇ ತಾಯಂದಿರು. ಆ ಹಾಡುಗಳಲ್ಲಿರುವ ಸೌಜನ್ಯ, ಅತ್ತೆ ಮಾವ ನೆರೆಯವರ ಬಗೆಗಿನ ಎಚ್ಚರ, ಹೇಳಬೇಕಾದ್ದನ್ನು ನೋಯಿಸದೆ ಹೇಳುವ ಜಾಣ್ಮೆ ಓದಿದವರಿಗೆ ‘ಗ್ರಾಮ್ಯ’ ಎಂದರೆ ‘ಅಸಭ್ಯ’ ಎಂದು ಬರೆಯಲು ಕೈ ಬರುವುದಿಲ್ಲ. ನಮ್ಮ ಗ್ರಂಥಾಲಯದಲ್ಲಿ ಆ ಪುಸ್ತಕ ಇರಬೇಕಾಗಿತ್ತು. ಇಲ್ಲ. ಪ್ರಾಚಾರ್ಯರು ಈ ಸಾಲನ್ನು ಓದುತ್ತಾರೆಂದು ಆಶಿಸುತ್ತೇನೆ.

ಇಷ್ಟು ಹೇಳಿದ ಮೇಲೆ ನೀವು ಒಂದು ತಪ್ಪು ದಾರಿ ಹಿಡಿಯುವ ಅಪಾಯವಿದೆ. “ಹಾಗಾದರೆ ಬೂರಿಶ್ ಪದವನ್ನು ಬಳಸಲೇಬಾರದು” ಎಂದು ನಿರ್ಧರಿಸಬೇಡಿ. ಪದದ ಹುಟ್ಟೇ ಬೇರೆ, ಇಂದಿನ ಅರ್ಥವೇ ಬೇರೆ. ಈಗಿನ ಇಂಗ್ಲಿಷಿನಲ್ಲಿ ಬೂರ್ ಎನ್ನುವಾಗ ಯಾರ ಕಣ್ಣ ಮುಂದೆಯೂ ರೈತ ಬರುವುದಿಲ್ಲ. ಸೂಟು ಬೂಟು ಹಾಕಿ, ವಿಮಾನದಲ್ಲಿ ಕುಳಿತು, ಗಗನಸಖಿಗೆ ಚಿಟಿಕೆ ಹೊಡೆದು ಕರೆಯುವವನು ಬೂರ್. ಮದುವೆಯ ಊಟದಲ್ಲಿ ಬಡಿಸುವವನನ್ನು ಗದರಿಸುವ ಕೋಟ್ಯಧೀಶ ಬೂರ್. ಪಕ್ಕದಲ್ಲಿ ರೋಗಿ ಮಲಗಿದ್ದರೂ ಮೊಬೈಲಿನಲ್ಲಿ ಎತ್ತರದ ದನಿಯಲ್ಲಿ ವ್ಯಾಪಾರ ಮಾತಾಡುವವನು ಬೂರ್. ಇಂಗ್ಲಿಷಿನವರು ಪದದೊಳಗಿನ ರೈತನನ್ನು ಎಂದೋ ಮರೆತಿದ್ದಾರೆ. ‘ಹಳ್ಳಿಗಮಾರ’ ಎಂದು ಅನುವಾದ ಮಾಡಿದ ನಾವೇ ಹೂತಿಟ್ಟ ಅವಮಾನವನ್ನು ಅಗೆದು ತೆಗೆದು, ಹಳ್ಳಿಯ ಮಕ್ಕಳ ಕೈಯಲ್ಲೇ ಬರೆಸುತ್ತಿದ್ದೇವೆ. ನನ್ನ ತಪ್ಪು ಇದ್ದದ್ದು ಇಲ್ಲಿ: ಇಂಗ್ಲಿಷ್ ಪದದಲ್ಲಿ ಅಲ್ಲ, ಅದಕ್ಕೆ ನಾನು ಕೊಟ್ಟ ಕನ್ನಡದಲ್ಲಿ.

ಹಾಗಾದರೆ ಸರಿಯಾದ ಕನ್ನಡ ಯಾವುದು? ಸೋಮವಾರ ತರಗತಿಯಲ್ಲಿ ಇದನ್ನೇ ಕೇಳಿದೆ. ಮನೆಯಲ್ಲಿ ನಿಮ್ಮನ್ನು ಬೈಯುವ ಪದಗಳನ್ನೆಲ್ಲ ಹೇಳಿ ಎಂದೆ. ಅಷ್ಟು ಹುರುಪಿನ ತರಗತಿ ನಾನು ಕಂಡಿಲ್ಲ. ಸೊಕ್ಕು, ಮಗ್ರೂರಿ, ಧಿಮಾಕು, ಉದ್ಧಟ, ಉಡಾಫೆ, ಬೇಅದಬ್, ಬದ್‌ತಮೀಜ್, ಬೋರ್ಡು ತುಂಬಿತು. ಧಿಮಾಕು ಎಂಬುದು ‘ದಿಮಾಗ್’, ಅಂದರೆ ಮೆದುಳು. ತಲೆ ಇದೆ ಎಂಬ ಅಹಂಕಾರವೇ ತಲೆ ಇಲ್ಲದವರ ಲಕ್ಷಣವಾದದ್ದು ತಮಾಷೆ. ‘ತಮೀಜ್’ ಅರಬ್ಬಿಯಿಂದ ಬಂದದ್ದು, ಬೇರ್ಪಡಿಸಿ ಗುರುತಿಸುವುದು ಎಂದು ಅದರ ಮೂಲ ಅರ್ಥ. ಎಲ್ಲಿ, ಯಾರ ಮುಂದೆ, ಯಾವುದು ಸರಿ ಎಂದು ಗುರುತಿಸಲು ಬಾರದವ ಬದ್‌ತಮೀಜ್. ‘ಅದಬ್’ ಇನ್ನೂ ಸೊಗಸು. ಅದಕ್ಕೆ ಶಿಷ್ಟಾಚಾರ ಎಂಬ ಅರ್ಥವೂ ಇದೆ, ಸಾಹಿತ್ಯ ಎಂಬ ಅರ್ಥವೂ ಇದೆ. ಈ ಎರಡು ಪದಗಳಲ್ಲೂ ಊರಿನ ಹೆಸರಿಲ್ಲ, ಕಸುಬಿನ ಹೆಸರಿಲ್ಲ. ಯಾರಿಗೂ ಅನ್ವಯಿಸಬಹುದು, ಯಾರೂ ಕಲಿಯಬಹುದು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವನು, ಮೆಲ್ಲಗೆ ಹೇಳಿದ: “ಹದಾ ತಿಳೀದಂವ ಅಂದ್ರ ಬರ್ತದೇನ್ರಿ ಸರ್?”

ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ‘ಹದ’ ಒಕ್ಕಲುತನದ ಪದ. ಮಳೆ ಬಿದ್ದ ಮೇಲೆ ನೆಲ ಬಿತ್ತನೆಗೆ ಒಪ್ಪುವ ಸಮಯ ಹದ. ಒಂದು ದಿನ ಮೊದಲು ಕೆಸರು, ಎರಡು ದಿನ ತಡವಾದರೆ ಹೆಂಟೆ. ಅದನ್ನು ಕೈಯಲ್ಲಿ ಮಣ್ಣು ಹಿಡಿದು ತಿಳಿಯಬೇಕು. ಎದುರಿಗಿರುವ ಮನುಷ್ಯನ ಹದ ತಿಳಿಯದೆ ಮಾತನ್ನು ಎಸೆಯುವವನೇ ಬೂರ್. ರೈತನನ್ನು ಬೈದ ಪದಕ್ಕೆ ರೈತನ ಮನೆಯಿಂದಲೇ ಅರ್ಥ ಸಿಕ್ಕಿತು. ದಯವಿಟ್ಟು ನಿಮ್ಮ ನೋಟ್‌ಬುಕ್ಕಿನಲ್ಲಿ ‘ಹಳ್ಳಿಗಮಾರ’ ಹೊಡೆದು ಹಾಕಿ ‘ಹದ ತಿಳಿಯದವ’ ಎಂದು ಬರೆದುಕೊಳ್ಳಿ. ಪರೀಕ್ಷೆಯಲ್ಲಿ ‘ಒರಟ, ಇತರರ ಪರಿವೆ ಇಲ್ಲದವ’ ಎಂದು ಬರೆದರೂ ನಡೆಯುತ್ತದೆ.

ಬಳಕೆಯ ಬಗ್ಗೆ ಎರಡು ಮಾತು. ‘ಬೂರ್’ ನಾಮಪದ, ‘ಬೂರಿಶ್’ ವಿಶೇಷಣ, ‘ಬೂರಿಶ್‌ನೆಸ್’ ಭಾವನಾಮ. “ಹೀ ಈಸ್ ಎ ಬೂರ್” ಸರಿ, “ಹೀ ಈಸ್ ಬೂರ್” ತಪ್ಪು. ಸಣ್ಣ ಮಕ್ಕಳಿಗೆ ಈ ಪದ ಹೊಂದುವುದಿಲ್ಲ. ಎದುರು ಮಾತಾಡುವ ಮಗು ‘ಚೀಕಿ’. ಕಾಗುಣಿತದಲ್ಲಿ ಎಚ್ಚರ: ಬಿ, ಓ, ಓ, ಆರ್ ಬರೆದರೆ ಬೂರ್. ಬಿ, ಓ, ಆರ್, ಇ ಬರೆದರೆ ಬೇಸರ ತರಿಸುವವ, ಕೊಳವೆಬಾವಿ ಕೊರೆಯುವುದಕ್ಕೂ ಅದೇ. ಬಿ, ಓ, ಎ, ಆರ್ ಬರೆದರೆ ಗಂಡುಹಂದಿ. ಕಿರುಪರೀಕ್ಷೆಯಲ್ಲಿ ಮೂವರು ತಮ್ಮ ಸೋದರಮಾವನನ್ನು ಹಂದಿ ಮಾಡಿದ್ದಾರೆ.

ಈಗ ‘ರೂಡ್’ ಪದಕ್ಕೆ ಬರೋಣ. ದಿನವೂ ಬೇಕಾಗುವುದು ಇದೇ. ಇದರ ಬೇರು ಲ್ಯಾಟಿನ್ನಿನ ‘ರುದಿಸ್’: ಕೆತ್ತದ, ಹಸಿ, ಒರಟು. ಅದಕ್ಕೇ ಕಚ್ಚಾ ಗುಡಿಸಲಿಗೂ ಇಂಗ್ಲಿಷಿನಲ್ಲಿ ರೂಡ್ ಎನ್ನುತ್ತಾರೆ, ಗಟ್ಟಿಮುಟ್ಟಾದ ಆರೋಗ್ಯಕ್ಕೆ ‘ರೂಡ್ ಹೆಲ್ತ್’ ಎನ್ನುತ್ತಾರೆ. 1751ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಶೋಕಗೀತೆಯಲ್ಲಿ ಥಾಮಸ್ ಗ್ರೇ ಹಳ್ಳಿಯ ಸ್ಮಶಾನದಲ್ಲಿ ಮಲಗಿದ ಹಿರಿಯರಿಗೆ ಇದೇ ವಿಶೇಷಣ ಹಚ್ಚಿದ್ದಾನೆ. ಅಲ್ಲಿ ಅದರ ಅರ್ಥ ಓದುಬರಹ ಕಾಣದ ಸರಳ ಜನ ಎಂದು. ಆತ ಅವರನ್ನು ಗೌರವದಿಂದಲೇ ನೆನೆದಿದ್ದಾನೆ. ‘ಎರುಡೈಟ್’, ಅಂದರೆ ಪಂಡಿತ, ಇದೇ ಬೇರಿನ ಪದ: ರುದಿಸ್‌ನಿಂದ ಹೊರಬಂದವ.

ಈ ಪದ ನನಗೆ ಪರಿಚಯವಾದದ್ದು ಪುಸ್ತಕದಿಂದಲ್ಲ. ಬಿ.ಎ. ಮುಗಿಸಿ ಒಂದು ಅರ್ಜಿ ನಮೂನೆ ತರಲು ದೊಡ್ಡ ಊರಿನ ಕಚೇರಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಕನ್ನಡ ನಡೆಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಬಸ್ಸಿನುದ್ದಕ್ಕೂ ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ್ದೆ. ಕಿಟಕಿಯ ಮುಂದೆ ನಿಂತು ಒಂದೂ ತಪ್ಪಿಲ್ಲದೆ ಹೇಳಿದೆ: “ಗಿವ್ ಮೀ ಒನ್ ಫಾರ್ಮ್.” ಒಳಗಿದ್ದ ಹೆಣ್ಣುಮಗಳು ತಲೆ ಎತ್ತಿ, “ಡೋಂಟ್ ಬೀ ರೂಡ್” ಎಂದರು. ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ನೋಡಿದರು. ನನಗೆ ಪದದ ಅರ್ಥ ಪೂರ್ತಿ ಗೊತ್ತಿರಲಿಲ್ಲ, ಆದರೆ ಮುಖ ಬಿಸಿಯಾಯಿತು. ಫಾರ್ಮು ತೆಗೆದುಕೊಳ್ಳದೆ ಹೊರಬಂದು, ಎದುರಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ಮತ್ತೆ ಹೋಗುವ ಧೈರ್ಯ ಸಾಲದೆ ಊರಿಗೆ ಬಂದೆ. ಆ ಅರ್ಜಿಯ ಗಡುವು ಮುಗಿಯಿತು.

ವರ್ಷಗಟ್ಟಲೆ ಆಕೆಯ ಮೇಲೆ ಸಿಟ್ಟಿತ್ತು. ಇಂಗ್ಲಿಷ್ ಕಲಿಸತೊಡಗಿದ ಮೇಲೆ ಏನಾಗಿತ್ತೆಂದು ತಿಳಿಯಿತು. ನನ್ನ ಮನಸ್ಸಿನಲ್ಲಿದ್ದದ್ದು “ಒಂದ್ ಫಾರ್ಮ್ ಕೊಡ್ರಿ”. ಆ ‘ರಿ’ ಅನುವಾದದಲ್ಲಿ ಬಿದ್ದುಹೋಗಿತ್ತು. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ: ಬರ್ರಿ, ಕೂಡ್ರಿ, ಕೊಡ್ರಿ. ಪ್ಲೀಸ್‌ಗೆ ಸಮನಾದ ಪದವನ್ನು ನಾವು ಮನೆಯಲ್ಲಿ ಆಡುವುದೇ ಇಲ್ಲ. “ಅವ್ವಾ, ದಯವಿಟ್ಟು ಇನ್ನೊಂದು ರೊಟ್ಟಿ ಹಾಕು” ಎಂದು ಇವತ್ತು ಸಂಜೆ ಹೇಳಿ ನೋಡಿ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಇಂಗ್ಲಿಷಿನ ‘ಗಿವ್’ಗೆ ಬಾಲವಿಲ್ಲ. ಹಾಗಾಗಿ ಅವರು ಮರ್ಯಾದೆಯನ್ನು ವಾಕ್ಯದ ಮುಂಭಾಗದಲ್ಲಿ ಕಟ್ಟುತ್ತಾರೆ: “ಕುಡ್ ಯೂ ಗಿವ್ ಮೀ...”, “ಮೇ ಐ ಹ್ಯಾವ್...”. ಅಪ್ಪಣೆಯನ್ನು ಪ್ರಶ್ನೆ ಮಾಡಿದರೆ ಮರ್ಯಾದೆ, ಅಪ್ಪಣೆಯಾಗಿಯೇ ಬಿಟ್ಟರೆ ರೂಡ್. ಬರೀ ಪ್ಲೀಸ್ ಸೇರಿಸಿದರೂ ಸಾಲದು. “ಪ್ಲೀಸ್ ಗಿವ್ ಮೀ ಲೀವ್” ಎಂದು ನೀವು ಬರೆಯುವ ರಜೆ ಅರ್ಜಿ ಕಿವಿಗೆ ಹುಕುಂ ಆಗಿಯೇ ಕೇಳುತ್ತದೆ. “ಮೇ ಐ ಹ್ಯಾವ್ ಲೀವ್ ಟುಮಾರೊ?” ಎನ್ನಿ. “ಐ ವಾಂಟ್” ಬದಲು “ಐ ವುಡ್ ಲೈಕ್” ಬರೆಯಿರಿ.

ಕರೆಯುವ ರೀತಿಗೆ ಎಷ್ಟು ತೂಕವಿದೆ ಎಂಬುದನ್ನು ಪಕ್ಕದ ಬಸವನ ಬಾಗೇವಾಡಿಯ ಬಸವಣ್ಣನ ವಚನದಲ್ಲಿ ನೀವು ಓದಿದ್ದೀರಿ. ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ನೀನು, ನೀವು ಎಂಬ ಭೇದ ಇತ್ತು: ‘ದೌ’ ಮತ್ತು ‘ಯೂ’. ಹದಿನೇಳನೆಯ ಶತಮಾನದಲ್ಲಿ ಕ್ವೇಕರ್ ಎಂಬ ಪಂಥದವರು ಎಲ್ಲ ಮನುಷ್ಯರೂ ಸಮಾನರೆಂದು ನ್ಯಾಯಾಧೀಶರಿಗೂ ದೌ ಎಂದೇ ಮಾತಾಡಿದರು. ಜನ ಅವರನ್ನು ಉದ್ಧಟರೆಂದು ಬೈದರು, ಹೊಡೆದರು. ಇಂಗ್ಲಿಷರು ಕೊನೆಗೆ ಸಮಾನತೆ ತಂದದ್ದು ಇನ್ನೊಂದು ತುದಿಯಿಂದ: ಎಲ್ಲರಿಗೂ ನೀವು ಎನ್ನತೊಡಗಿದರು.

ವ್ಯಾಕರಣದಲ್ಲಿ ನೀವು ಮತ್ತೆ ಮತ್ತೆ ಎಡವುವುದು ಒಂದು ಕಡೆ. “ಹೀ ವಾಸ್ ರೂಡ್ ವಿತ್ ಮೀ” ಎಂದು ಬರೆಯುತ್ತೀರಿ. ರೂಡ್ ಮುಂದೆ ‘ಟು’ ಬರಬೇಕು. ಒಬ್ಬರ ಒಂದು ಕೆಲಸವನ್ನು ಹೇಳುವಾಗ ‘ಆಫ್’: “ಇಟ್ ವಾಸ್ ರೂಡ್ ಆಫ್ ಹಿಮ್ ಟು ಲೀವ್.” ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡವರಿಗೆ ಎದುರಾಡುವ ಸೊಕ್ಕು ‘ಇನ್‌ಸೊಲೆಂಟ್’. ತನಗೆ ಸಂಬಂಧಿಸದ್ದನ್ನು ದೊಡ್ಡವರಲ್ಲಿ ಕೇಳುವುದು ‘ಇಂಪರ್ಟಿನೆಂಟ್’, ನನ್ನ ಸಂಬಳ ಕೇಳಿದ ಪ್ರಥಮ ವರ್ಷದವನಂತೆ. ನಾಚಿಕೆ ಬಿಟ್ಟವ ‘ಇಂಪ್ಯೂಡೆಂಟ್’. ನೀವು ಪ್ರೀತಿಯಿಂದ ಬಳಸುವ ‘ಮ್ಯಾನರ್‌ಲೆಸ್’ ಬದಲು ‘ಇಲ್-ಮ್ಯಾನರ್ಡ್’ ಎನ್ನುವುದು ರೂಢಿ.

ಒಂದು ಕಡೆ ಮಾತ್ರ ಈ ಯಾವ ಪದವನ್ನೂ ಬಳಸಬೇಡಿ. ಒಬ್ಬ ವಿದ್ಯಾರ್ಥಿನಿ ಪ್ರಬಂಧದಲ್ಲಿ ಹೀಗೆ ಬರೆದಿದ್ದಳು: ಬಸ್ಸಿನಲ್ಲಿ ಒಬ್ಬ ದಿನವೂ ಹಿಂದೆ ನಿಂತು ಮೈಗೆ ಒರಗುತ್ತಾನೆ, ‘ಹೀ ಈಸ್ ವೆರಿ ರೂಡ್’. ಅದು ರೂಡ್ ಅಲ್ಲ ತಂಗಿ. ರೂಡ್ ಎಂದರೆ ಕ್ಷಮೆ ಕೇಳಿದರೆ ಮುಗಿಯುವ ತಪ್ಪು. ಅವನು ಮಾಡುವುದು ‘ಹರಾಸ್‌ಮೆಂಟ್’, ಕಿರುಕುಳ, ಕಾನೂನಿನಲ್ಲಿ ಅಪರಾಧ. ಪತ್ರಿಕೆಗಳು ‘ಮಿಸ್‌ಬಿಹೇವ್’, ‘ಈವ್-ಟೀಸಿಂಗ್’ ಎಂದು ಮೆತ್ತಗೆ ಬರೆಯುವುದನ್ನು ನೀವು ಕಲಿಯಬೇಡಿ. ಸಣ್ಣ ಪದ ಬರೆದರೆ ದೂರೂ ಸಣ್ಣದಾಗುತ್ತದೆ. ಆ ಪ್ರಬಂಧವನ್ನು ಮೇಡಂ ಅವರಿಗೆ ತೋರಿಸಿದೆವು, ಮುಂದಿನದನ್ನು ಅವರು ನೋಡಿಕೊಂಡರು.

ಸೋಮವಾರದ ಪಾಠದ ಕೊನೆಗೆ ಮನೆಗೆಲಸ ಕೊಟ್ಟಿದ್ದೆ: ‘ರೂಡ್’ ಅಥವಾ ‘ಬೂರ್’ ಬಳಸಿ ಸ್ವಂತ ವಾಕ್ಯ. ಮಂಗಳವಾರ ನೋಟ್‌ಬುಕ್ಕುಗಳು ಬಂದವು. ಬೂರ್ ಪದಕ್ಕೆ ಬಹುತೇಕರು ವಿಮಾನದ ಸೂಟುಬೂಟಿನವನನ್ನೇ ಹಿಡಿದಿದ್ದರು, ನಮ್ಮಲ್ಲಿ ಯಾರೂ ವಿಮಾನ ಹತ್ತದಿದ್ದರೂ. ಸ್ಟಾಫ್ ರೂಮಿನ ಬಾಗಿಲಿಗೆ ಬಂದಿದ್ದ ಹುಡುಗಿ ಬರೆದದ್ದು ಎರಡು ವಾಕ್ಯ. ತನ್ನ ಅಪ್ಪ ರೈತ ಎಂಬುದು ಮೊದಲನೆಯದು. ಭೀಮೆಯ ದಂಡೆಯ ಕಬ್ಬಿನ ಹೊಲಕ್ಕೆ ರಾತ್ರಿ ನುಗ್ಗುವ ಹಂದಿಗಳನ್ನು ಬಿಟ್ಟು ಅಪ್ಪ ಬೇರೆ ಯಾರಿಗೂ ರೂಡ್ ಆಗಿದ್ದನ್ನು ತಾನು ಕಂಡಿಲ್ಲ ಎಂಬುದು ಎರಡನೆಯದು. ಹಂದಿಯ ಕಾಗುಣಿತ ಸರಿ ಇತ್ತು. ರೂಡ್ ಮುಂದೆ ‘ಟು’ ಇತ್ತು.